ಕಾರಣದ ಕಾಲಂ

ಸೊಲ್ಲಾಪುರದಲ್ಲಿ ಸಿಸ್ಟರ್‌ಗಳು ನಡೆಸುತ್ತಿದ್ದ ಆ ಪ್ರಾಥಮಿಕ ಶಾಲೆಯಲ್ಲಿ ನಾಲ್ಕಕ್ಕೆ ಕೊನೆಯ ಗಂಟೆ ಬಾರಿಸುತ್ತಿದ್ದಂತೆ ಬೇರೆ ಟೀಚರುಗಳು ಚೀಲ ಹೆಗಲಿಗೆ ಹಾಕಿಕೊಂಡು ಹೊರಡುತ್ತಿದ್ದರು. ನಾನು ಒಂದು ಲೋಟ ನೀರು ಕುಡಿದು, ಸೆರಗಿನಿಂದ ಮುಖ ಒರೆಸಿಕೊಂಡು, ಮತ್ತೆ ಸೀಮೆಸುಣ್ಣ ಕೈಗೆ ತೆಗೆದುಕೊಳ್ಳುತ್ತಿದ್ದೆ. ಬೆಳಗಿನಿಂದ ಎರಡನೆಯ ಇಯತ್ತೆಯ, ಅಂದರೆ ಎರಡನೆಯ ಕ್ಲಾಸಿನ, ಐವತ್ತು ಮಕ್ಕಳ ಮುಂದೆ ಕೂಗಿ ಕೂಗಿ ಗಂಟಲು ಹರಿದಿರುತ್ತಿತ್ತು. ಕಾಲು ಊದಿರುತ್ತಿದ್ದವು. ಎಪ್ಪತ್ತರ ದಶಕದ ನಡುವಿನ ಮಾತು. ನನಗೆ ಆಗ ಇಪ್ಪತ್ತಾರು. ಮದುವೆ ಆಗಿರಲಿಲ್ಲ, ನೌಕರಿ ಕಾಯಂ ಆಗಿರಲಿಲ್ಲ. ಈ ಎರಡೂ ಆಗದ ಹೆಣ್ಣಿನ ತಲೆಗೆ ಯಾವ ಕೆಲಸವನ್ನಾದರೂ ಕಟ್ಟಬಹುದು ಎಂಬುದು ಇಡೀ ಶಾಲೆಗೆ ಗೊತ್ತಿದ್ದ ಸಂಗತಿ.

ನಾಲ್ಕರ ಮೇಲೆ ಶಾಲೆಯಲ್ಲಿ ಎರಡು ಥರದ ಮಕ್ಕಳು ಉಳಿಯುತ್ತಿದ್ದರು. ಪ್ರತಿ ಇಯತ್ತೆಯಲ್ಲಿ ಮೊದಲ ಹದಿನೈದು ನಂಬರಿನೊಳಗೆ ಬಂದವರಿಗೆ ಹಾಬಿ ಕ್ಲಾಸು. ಅಲ್ಲಿ ಚಿತ್ರ, ಕಸೂತಿ, ಭಾಷಣ, ಎಲ್ಲಕ್ಕಿಂತ ಮೇಲಾಗಿ ಹಾಡು. ಗೋವೆಯ ಕಡೆಯ ಒಬ್ಬ ಮುದುಕಿ ಸಿಸ್ಟರ್ ಹಾರ್ಮೋನಿಯಂ ಬಾರಿಸಿ ಕಲಿಸುತ್ತಿದ್ದರು. ಕೊನೆಯ ನಂಬರಿನವರಿಗೆ ಎಕ್ಸ್ಟ್ರಾ ಕ್ಲಾಸು. ಅದಕ್ಕೆ ನಾನು. ನನ್ನ ಪಾಲಿಗೆ ಬಂದದ್ದು ಹಾಡಿನ ಕೋಣೆಯ ಪಕ್ಕದ ವರಾಂಡ. ಅಲ್ಲಿ ಬೆಂಚು ಇರಲಿಲ್ಲ. ಒಂದು ಜಮಖಾನೆ, ಗೋಡೆಗೆ ಆನಿಸಿಟ್ಟ ಒಂದು ಸಣ್ಣ ಬೋರ್ಡು, ನನ್ನ ಮುಂದೆ ಮಂಡಿ ತಾಗುವಷ್ಟು ಹತ್ತಿರ ಕೂತ ಹದಿನೆಂಟು ಮಕ್ಕಳು. ಪಕ್ಕದ ಕೋಣೆಯಲ್ಲಿ ಜಾಣರು ಹಾಡುತ್ತಿದ್ದರೆ ಇಲ್ಲಿ ನಾವು ಏಳರ ಮಗ್ಗಿ ಒದರುತ್ತಿದ್ದೆವು.

ಎಕ್ಸ್ಟ್ರಾ ಕ್ಲಾಸಿಗೆ ಒಂದು ರಜಿಸ್ಟರಿತ್ತು. ತಿಂಗಳ ಕೊನೆಗೆ ಪ್ರತಿ ಮಗುವಿನ ಹೆಸರಿನ ಮುಂದೆ ಅದು ಯಾಕೆ ಹಿಂದೆ ಬಿದ್ದಿದೆ ಎಂದು ಒಂದೇ ಶಬ್ದದಲ್ಲಿ ಬರೆಯಬೇಕು. ಉದ್ದ ಬರೆದರೆ ಮುಖ್ಯಾಧ್ಯಾಪಕಿಯಾಗಿದ್ದ ಸಿಸ್ಟರ್‌ಗೆ ಸಿಟ್ಟು ಬರುತ್ತಿತ್ತು. ಅವರು ಮಂಗಳೂರು ಕಡೆಯವರು. ಎಲ್ಲರ ಮುಂದೆ ಇಂಗ್ಲಿಷು, ಮರಾಠಿ. ಬಾಗಿಲು ಹಾಕಿಕೊಂಡರೆ ನನ್ನ ಜೊತೆ ಅವರ ಊರಿನ ಕನ್ನಡ. ಮೊದಲ ದಿನವೇ ಹೇಳಿದ್ದರು: "ನೋಡಿ ಟೀಚರ್, ನನಗೆ ಕತೆ ಬೇಡ. ಕಾರಣ ಬೇಕು. ಕಾರಣ ಗೊತ್ತಾದರೆ ನಾನು ಮದ್ದು ಮಾಡ್ತೇನೆ."

ಅವರು ಮಾಡುತ್ತಿದ್ದರು ಕೂಡ, ಅದನ್ನು ಅಲ್ಲಗಳೆಯಲಾರೆ. 'ಹೆಲ್ತ್' ಎಂದು ಬರೆದರೆ ಮರುದಿನವೇ ನರ್ಸಮ್ಮ ಬಂದು ಮಗುವಿನ ನಾಲಿಗೆ, ಕಣ್ಣು, ಕಿವಿ ನೋಡುತ್ತಿದ್ದಳು. ಬೇಕಾದರೆ ಡಾಕ್ಟರ್ ಬರುತ್ತಿದ್ದರು. 'ಹೋಮ್' ಎಂದು ಬರೆದರೆ ಸಿಸ್ಟರ್ ತಾವೇ ಟಾಂಗಾ ಹತ್ತಿ ಮಗುವಿನ ಮನೆಗೆ ಹೋಗಿ ಬರುತ್ತಿದ್ದರು. 'ಸ್ಲೋ' ಎಂದರೆ ಇನ್ನೊಂದು ವರ್ಷ ನನ್ನ ಜಮಖಾನೆಯ ಮೇಲೆ. ಉಳಿದದ್ದು 'ಲೇಜಿ'. ಅದಕ್ಕೆ ಮದ್ದಿರಲಿಲ್ಲ. ಎರಡು ತಿಂಗಳಿಗೊಮ್ಮೆ ಮನೆಗೆ ಒಂದು ಪತ್ರ ಹೋಗುತ್ತಿತ್ತು, ಅಷ್ಟೆ. ಮೂರು ಪತ್ರ ಹೋದ ಮೇಲೂ ಸುಧಾರಿಸದಿದ್ದರೆ ಮಗುವನ್ನು ಶಾಲೆಯಲ್ಲಿ ಇಟ್ಟುಕೊಳ್ಳುವುದಿಲ್ಲ ಎಂದು ನಿಯಮವಿತ್ತು. ನಾನು ಬಂದ ಮೇಲೆ ಯಾರನ್ನೂ ಹಾಗೆ ಕಳಿಸಿರಲಿಲ್ಲ. ಹೆದರಿಸಲಿಕ್ಕೆ ಮಾಡಿಟ್ಟದ್ದು ಇರಬೇಕು ಎಂದುಕೊಂಡಿದ್ದೆ.

ಆ ವರ್ಷ ಗಣಪತಿ ಹಬ್ಬ ಮುಗಿದ ಮೇಲೆ ಮೂರನೆಯ ಇಯತ್ತೆಯಿಂದ ಒಂದು ಹೊಸ ಹುಡುಗಿಯನ್ನು ನನ್ನ ಕಡೆ ತಳ್ಳಿದರು. ನನ್ನ ಊರು ಅಕ್ಕಲಕೋಟದ ಹತ್ತಿರದ ಕುರನೂರಿನ ಹುಡುಗಿ. ಒಂಬತ್ತು ವರ್ಷದವಳು, ಎಣ್ಣೆ ಹಚ್ಚಿ ಬಿಗಿದು ಕಟ್ಟಿದ ಎರಡು ಹೆರಳು. ಅವರದು ಊರಲ್ಲಿ ಹೊಲಮನೆ ಇದ್ದ ದೊಡ್ಡ ಮನೆತನ. ಒಬ್ಬ ಮಗಳಾದರೂ ಇಂಗ್ಲಿಷು ಕಲಿಯಲಿ ಎಂದು ಅಪ್ಪ ಹಟ ಹಿಡಿದು ಆ ವರ್ಷವೇ ಇವಳನ್ನು ಸೊಲ್ಲಾಪುರದಲ್ಲಿ ಸೋದರಮಾವನ ಮನೆಯಲ್ಲಿ ಇಟ್ಟಿದ್ದ. ಮಾವ ಕೋರ್ಟಿನಲ್ಲಿ ಕಾರಕೂನ. ಹುಡುಗಿ ಜೂನಿನಲ್ಲಿ ಹತ್ತನೆಯ ನಂಬರಿನಲ್ಲಿದ್ದಳಂತೆ. ಸಪ್ಟಂಬರಿಗೆ ನಲವತ್ತಾರು.

ಯಾಕೆ ಹೀಗಾಯಿತು ಎಂದು ತಿಳಿಯಲು ನನಗೆ ನಾಲ್ಕು ದಿನ ಸಾಕಾದವು. ಬೋರ್ಡಿನ ಮೇಲೆ ಬರೆದ ಲೆಕ್ಕ ಕೊಟ್ಟರೆ ಅವಳು ಎದ್ದು ಬೋರ್ಡಿನ ತನಕ ಬಂದು, ಮೂಗು ತಾಗಿಸಿ ಓದಿ, ಮತ್ತೆ ಹೋಗಿ ಕೂತು ಬರೆಯುತ್ತಿದ್ದಳು. ಲೆಕ್ಕ ಸರಿ ಇರುತ್ತಿತ್ತು. ಪುಸ್ತಕ ಓದುವಾಗ ಪುಸ್ತಕದಲ್ಲಿ ಮುಖ ಹುದುಗಿರುತ್ತಿತ್ತು. ಇನ್ನೊಂದು ಸಂಗತಿ: ಪಕ್ಕದ ಕೋಣೆಯಲ್ಲಿ ಹಾಬಿ ಕ್ಲಾಸಿನವರು ವಾರಗಟ್ಟಲೆ ತಿಕ್ಕುತ್ತಿದ್ದ ಹಾಡುಗಳೆಲ್ಲ ಇವಳಿಗೆ ಬಾಯಿಪಾಠ. ನಾವು ಮಗ್ಗಿ ಹೇಳುತ್ತಿದ್ದರೆ ಇವಳ ತುಟಿ ಬೇರೆಯದನ್ನೇ ಹೇಳುತ್ತಿರುತ್ತಿತ್ತು. ಕಣ್ಣು ಮಾಡಬೇಕಾದ ಕೆಲಸವನ್ನು ಈ ಹುಡುಗಿ ಕಿವಿಯಿಂದ ಮಾಡಿಸುತ್ತಿದ್ದಳು.

ನಮ್ಮ ಶಾಲೆಯ ಒಂದು ಪದ್ಧತಿ ಇವಳನ್ನು ಮುಳುಗಿಸಿತ್ತು. ತಿಂಗಳ ಪರೀಕ್ಷೆಯ ನಂಬರಿನ ಮೇಲೆ ಬೆಂಚು ಕೊಡುತ್ತಿದ್ದರು. ಮೊದಲ ನಂಬರು ಮೊದಲ ಬೆಂಚು, ಕೊನೆಯವರು ಗೋಡೆಗೆ. ಇವಳು ಜುಲೈಯಲ್ಲಿ ಎರಡು ಮಾರ್ಕಿಗೆ ಒಂದು ಬೆಂಚು ಹಿಂದೆ ಹೋದಳು. ಹಿಂದೆ ಹೋದದ್ದಕ್ಕೆ ಬೋರ್ಡು ಇನ್ನಷ್ಟು ಮಸುಕಾಯಿತು. ಮಸುಕಾದದ್ದಕ್ಕೆ ಮತ್ತೆ ಎರಡು ಬೆಂಚು ಹಿಂದೆ. ಹೀಗೆ ಜಾರುತ್ತ ಜಾರುತ್ತ ಗೋಡೆ ಮುಟ್ಟಿದಳು. ಅಲ್ಲಿಂದ ಪಕ್ಕದವಳ ವಹಿಯಲ್ಲಿ ಬಗ್ಗಿ ನೋಡಿ ಬರೆದು, ಕಾಪಿ ಹೊಡೆಯುತ್ತಾಳೆಂದು ಕೈಗೆ ಪಟ್ಟಿ ಏಟು ತಿಂದಳು. ಕಾಣಿಸುವುದಿಲ್ಲ ಎಂದು ಮಾತ್ರ ಯಾರಿಗೂ ಹೇಳಲಿಲ್ಲ.

"ಯಾಕವಾ ಹೇಳಲಿಲ್ಲ?" ಎಂದು ಕೇಳಿದೆ.

"ಅವ್ವ ಬ್ಯಾಡಂದಾಳ್ರಿ" ಎಂದಳು.

ಸಪ್ಟಂಬರ್ ಕೊನೆಗೆ ರಜಿಸ್ಟರಿನಲ್ಲಿ 'ಹೆಲ್ತ್' ಎಂದು ಬರೆದು ಕೈ ತೊಳೆದುಕೊಳ್ಳುತ್ತಿದ್ದೆ. ಆದರೆ ಅದಕ್ಕೆ ಎರಡು ದಿನ ಮೊದಲು ಅವಳ ಅವ್ವ ಬಂದಳು. ನಾಲ್ಕೂವರೆಗೆ ವರಾಂಡದ ಮೆಟ್ಟಿಲ ಕೆಳಗೆ ತಲೆಯ ಮೇಲೆ ಸೆರಗು ಹೊದ್ದು ನಿಂತಿದ್ದಳು. ಕೈಯಲ್ಲಿ ಬಟ್ಟೆಯ ಗಂಟು. ಕಡಕ ರೊಟ್ಟಿ, ಶೇಂಗಾ ಚಟ್ನಿ. ಮಗಳು ತನ್ನ ಕಣ್ಣಿನ ವಿಷಯ ಟೀಚರ್ ಕೇಳಿದರೆಂದು ಮಾಮಿಗೆ ಹೇಳಿ, ಮಾಮಿ ಊರಿಗೆ ಹೇಳಿ ಕಳಿಸಿದ್ದಳು. ಮಕ್ಕಳನ್ನು ಆಡಲು ಬಿಟ್ಟು ನಾನು ಆಕೆಯ ಹತ್ತಿರ ಹೋದೆ.

"ಬಾಯಾರ, ನೀವು ಅಕ್ಕಲಕೋಟದಾಗ ಮಠದ ಹಿಂದಿನ ಓಣಿಯವರಂತಲ್ರಿ. ನಮ್ಮವರ ಅದೀರಿ. ನಿಮಗ ಹೇಳಿದ್ರ ತಿಳೀತೈತಿ. ದೊಡ್ಡಾಕಿದು ಮಾತುಕತಿ ನಡದೈತ್ರಿ. ವೈಶಾಖಕ್ಕ ಲಗ್ನಾ ಅಂದಾರ. ಈಕಿಗಿ ಈಗ ಚಷ್ಮಾ ಹತ್ತಿತಂದ್ರ ಬೀಗರು ಏನಂತಾರ್ರಿ? ನಮ್ಮತ್ತಿಯವರಿಗೂ ಕಡೀಕ ಕಣ್ಣು ಕಾಣ್ತಿದ್ದಿಲ್ಲ. ಮನಿತನದಾಗ ಕಣ್ಣಿನ ದೋಷ ಐತಿ ಅಂತ ಅಕ್ಕನ ಲಗ್ನಾನೂ ಮುರೀತೈತಿ, ತಂಗೀದೂ ಆಗೂದಿಲ್ಲ. ಈ ಸಿಸ್ಟರ್ ಮಂದಿಗಿ ನಮ್ಮ ರೀತಿ ಏನ್ ಗೊತ್ರಿ? ನಿಮ್ಮ ಕಾಲ ಬೀಳ್ತೀನಿ, ಬೇಕಾದ್ದ ಬರೀರಿ, ಕಣ್ಣಿನ ಮಾತೊಂದು ಬರೀಬ್ಯಾಡ್ರಿ."

"ಆಕಿ ಅಪ್ಪಾರಿಗೆ ಗೊತ್ತೇನ್ರಿ?" ಎಂದೆ.

"ಅವರಿಗೂ ಹೇಳಿಲ್ರಿ. ಗಂಡಸರ ಬಾಯಾಗ ಇಂಥಾ ಮಾತು ನಿಲ್ಲೂದಿಲ್ಲ."

ಈ ಮಾತಿಗೆ ನಾನು ಸಿಟ್ಟಾಗಬೇಕಿತ್ತು. ಓದಿದವಳು, ನೌಕರಿ ಮಾಡುವವಳು, ನಾಲ್ಕು ಬುದ್ಧಿಮಾತು ಹೇಳಿ ಕಳಿಸಬೇಕಿತ್ತು. ಆದರೆ ನನ್ನ ಮೂಗಿನ ಮೇಲೆಯೇ ಆಗ ಚಷ್ಮಾ ಇತ್ತು. ಆಕೆ ಅದರ ಕಡೆ ಒಮ್ಮೆ ನೋಡಿ ಕಣ್ಣು ಬೇರೆ ಕಡೆ ಹೊರಳಿಸಿದಳು. ನನಗೆ ಇನ್ನೂ ಲಗ್ನವಾಗಿಲ್ಲ ಎಂಬುದೂ ಆಕೆಗೆ ಗೊತ್ತಿತ್ತು.

ನನ್ನ ಚಷ್ಮಾ ಶಾಲೆಯದು, ಮನೆಯದಲ್ಲ. ಶನಿವಾರ ಅಕ್ಕಲಕೋಟದ ಬಸ್ಸು ಹತ್ತಿದರೆ ಊರ ಹತ್ತಿರ ಬರುತ್ತಲೇ ತೆಗೆದು ಡಬ್ಬಿಗೆ ಹಾಕುತ್ತಿದ್ದೆ. ನೋಡಲು ಯಾರಾದರೂ ಬರುವ ದಿನ ನಮ್ಮವ್ವ ಆ ಡಬ್ಬಿಯನ್ನೂ ಕಸಿದುಕೊಂಡು ಜೋಳದ ಡಬ್ಬಿಯ ತಳಕ್ಕೆ ಹಾಕುತ್ತಿದ್ದಳು. ಒಂದು ಸಲ ಅವಲಕ್ಕಿಯ ಬಶಿ ಹಿಡಿದುಕೊಂಡು ಹೊರಗೆ ಬಂದೆ. ಜಮಖಾನೆಯ ಮೇಲೆ ಮೂರು ಬಿಳಿ ಗುಡ್ಡೆಗಳು ಕೂತಿದ್ದವು. ಯಾವ ಗುಡ್ಡೆ ವರ ಎಂದು ಹೊಳೆಯದೆ ನಾಚಿಕೊಂಡು ಬಶಿಯನ್ನು ಅವನ ಕಾಕಾನ ಮುಂದಿಟ್ಟು, ಅವರಿಗೇ ಮೊದಲು ನಮಸ್ಕಾರ ಮಾಡಿದೆ. "ಹುಡುಗಿಗೆ ಹಿರಿಯರ ಮೇಲೆ ಗೌರವ ಅದ" ಎಂದು ಅವರು ಹೊಗಳಿದರು. ಒಳಗೆ ಬಂದ ಮೇಲೆ ನಾನೂ ಅವ್ವನೂ ಸೆರಗು ಬಾಯಿಗೆ ಇಟ್ಟುಕೊಂಡು ನಕ್ಕೆವು. ಆ ಸಂಬಂಧ ಮುಂದೆ ಬೇರೆ ಯಾವುದಕ್ಕೋ ಮುರಿಯಿತು. ನಗು ಮಾತ್ರ ನೆನಪಿದೆ. ನಕ್ಕ ಮೇಲೆ ಅವ್ವ ಅತ್ತದ್ದೂ ನೆನಪಿದೆ.

ಅದಕ್ಕೇ ಕುರನೂರಿನ ಆ ತಾಯಿಗೆ ನಾನು ಬುದ್ಧಿಮಾತು ಹೇಳಲಿಲ್ಲ. ಆಕೆಯ ಭಯ ನನಗೆ ಪರಕೀಯ ಆಗಿರಲಿಲ್ಲ. "ಆತ್ರಿ, ಬರೆಯೂದಿಲ್ಲ" ಎಂದೆ. ಆಕೆ ನನ್ನ ಎರಡೂ ಕೈ ಹಿಡಿದು ತನ್ನ ಕಣ್ಣಿಗೆ ಒತ್ತಿಕೊಂಡಳು.

ಹಾಗಾದರೆ ಏನು ಬರೆಯುವುದು? ಸಂಜೆ ಖಾಲಿ ವರಾಂಡದಲ್ಲಿ ರಜಿಸ್ಟರು ತೊಡೆಯ ಮೇಲಿಟ್ಟುಕೊಂಡು ಕೂತೆ. 'ಹೆಲ್ತ್' ಬರೆದರೆ ನರ್ಸಮ್ಮ ಮೊದಲು ಕಣ್ಣೇ ನೋಡುತ್ತಾಳೆ. 'ಹೋಮ್' ಬರೆದರೆ ಸಿಸ್ಟರ್ ಟಾಂಗಾ ಹತ್ತಿ ಮಾವನ ಮನೆಗೆ ಹೋಗುತ್ತಾರೆ. 'ಸ್ಲೋ' ಎಂದರಂತೂ ಕೆಲಸ ಇನ್ನೂ ಕೆಟ್ಟೀತು, ಚಷ್ಮಾ ಹುಡುಗಿಗೆ ಕಷ್ಟಪಟ್ಟಾದರೂ ವರ ಸಿಕ್ಕಾನು, ಮಂದಬುದ್ಧಿ ಎಂದ ಮೇಲೆ ಯಾರು ಬರುತ್ತಾರೆ? ಉಳಿದದ್ದು 'ಲೇಜಿ'. ಎಷ್ಟು ನಿರುಪದ್ರವಿ ಶಬ್ದ ಅನ್ನಿಸಿತು! ಚಿಕ್ಕವಳಿದ್ದಾಗ ನನ್ನನ್ನೂ ದಿನಕ್ಕೆ ಹತ್ತು ಸಲ ಸೋಮಾರಿ ಎಂದು ಬಯ್ದಿದ್ದರು, ನನಗೇನಾಯಿತು? ಬರೆದೆ. ಜಾಣತನ ಮಾಡಿದೆ ಎಂದುಕೊಂಡೇ ಬರೆದೆ.

ಮನಸ್ಸಿನಲ್ಲಿ ಒಂದು ಲೆಕ್ಕ ಹಾಕಿಕೊಂಡಿದ್ದೆ. ವೈಶಾಖದ ತನಕ ನನ್ನ ಜಮಖಾನೆಯ ಮೇಲೆ ಎದುರಿಗೆ ಕೂಡಿಸಿಕೊಂಡು ಬೆಳಗಿನ ಪಾಠವನ್ನೆಲ್ಲ ಮತ್ತೆ ಹೇಳಿಕೊಡುತ್ತೇನೆ. ಲಗ್ನ ಮುಗಿದ ಮೇಲೆ ಸಿಸ್ಟರ್‌ಗೆ ಕಣ್ಣಿನ ಮಾತು ಹೇಳಿದರಾಯಿತು. ಮೊದಮೊದಲು ಹಾಗೆಯೇ ಮಾಡಿದೆ. ಹುಡುಗಿ ಬಾಯಿಯಿಂದ ಕೇಳಿದರೆ ಎಲ್ಲ ಹೇಳುತ್ತಿದ್ದಳು. ನನಗೆ ನನ್ನ ಕಲಿಸುವಿಕೆಯ ಮೇಲೆ ಸ್ವಲ್ಪ ಹೆಮ್ಮೆ ಕೂಡ ಬಂದಿತ್ತು. ಆದರೆ ದಿನಕ್ಕೆ ಒಂದು ತಾಸು, ಹದಿನೆಂಟು ಮಕ್ಕಳು. ಕೆಲವು ಸಂಜೆ ನನಗೆ ಬಾಯಿ ತೆರೆಯುವ ತ್ರಾಣವೂ ಇರುತ್ತಿರಲಿಲ್ಲ. ಎಲ್ಲರಿಗೂ ಕಾಪಿ ಬರೆಯಲು ಹಚ್ಚಿ ಗೋಡೆಗೆ ಒರಗಿ ಕಣ್ಣು ಮುಚ್ಚಿಬಿಡುತ್ತಿದ್ದೆ. ಅಂಥ ಸಂಜೆಗಳಲ್ಲಿ ಆ ಹುಡುಗಿ ಬೋರ್ಡಿಗೂ ಜಮಖಾನೆಗೂ ನಡುವೆ ಎಷ್ಟು ಸಲ ಓಡಾಡಿದಳೋ ಗೊತ್ತಿಲ್ಲ. ತಿಂಗಳ ಪರೀಕ್ಷೆಯಂತೂ ಬೋರ್ಡಿನ ಮೇಲೆಯೇ ಬರೆದು ಕೊಡುತ್ತಿದ್ದರು, ಅವಳು ಗೋಡೆಗೆ ಕೂತು ಬರೆಯುತ್ತಿದ್ದಳು. ನಂಬರು ಮೇಲೇಳಲಿಲ್ಲ.

ಮೊದಲ ಪತ್ರ ಮಾವನ ಕೈಗೆ ಹೋಯಿತು. ಕಾರಕೂನ ಮನುಷ್ಯ, ಇಂಗ್ಲಿಷು ಪತ್ರವನ್ನು ಕೋರ್ಟಿನ ಹುಕುಮಿನ ಹಾಗೆ ಓದಿ, ಅರ್ಥ ಹೇಳಿ, ಹುಡುಗಿಯನ್ನು ನಸುಕಿನಲ್ಲಿ ಎಬ್ಬಿಸಿ ಓದಲು ಕೂಡಿಸತೊಡಗಿದ. ದೀಪಾವಳಿಯ ಸೂಟಿ ಕಳೆದು ಎರಡನೆಯದು ಹೋಯಿತು. ಆ ವಾರ ಹುಡುಗಿ ನನ್ನ ಪಕ್ಕಕ್ಕೆ ಬಂದು ನಿಂತು ಕೇಳಿದಳು.

"ಟೀಚರ್, ಲೇಜಿ ಅಂದ್ರ ಆಳಸಿ ಅಂತ ಮಾಮಾ ಹೇಳ್ಯಾರ್ರಿ. ನಾ ಏನ್ ಮಾಡಿದ್ರ ಅದು ಹೋಗ್ತದ್ರಿ?"

"ಹೋಗ್ತದ ಬಿಡವಾ, ಬರಿ ನೀನು" ಎಂದೆ.

ಬರೆದವಳು ನಾನೇ ಎಂದು ಅವಳಿಗೆ ಗೊತ್ತಿರಲಿಲ್ಲ. ಮುಂದೆಯೂ ಗೊತ್ತಾಗಲಿಲ್ಲ.

ಜನವರಿಯಲ್ಲಿ ಕಣ್ಣಿನ ಡಾಕ್ಟರ್ ಬಂದರು. ಅದು ಶಾಲೆಯಲ್ಲಿ ವರ್ಷಕ್ಕೊಮ್ಮೆ ನಡೆಯುವ ಕೆಲಸ. ಹಾಡಿನ ಕೋಣೆಯನ್ನು ಖಾಲಿ ಮಾಡಿ, ಗೋಡೆಗೆ ಅಕ್ಷರದ ಹಾಳೆ ತೂಗುಹಾಕಿ, ಪ್ರತಿ ಮಗುವೂ ಒಂದು ಕಣ್ಣಿಗೆ ರಟ್ಟು ಮುಚ್ಚಿಕೊಂಡು ಓದಬೇಕು. ಚಷ್ಮಾ ಬೇಕಾದವರಿಗೆ ಶಾಲೆಯೇ ತರಿಸಿ ಕೊಡುತ್ತಿತ್ತು. ಡಾಕ್ಟರ್ ಬರುವ ದಿನ ನನಗೆ ಮೊದಲೇ ಗೊತ್ತಾಗಿತ್ತು. ಹಿಂದಿನ ಸಂಜೆ ಹುಡುಗಿಯನ್ನು ಕರೆದು, "ನಾಳಿ ಸಾಲಿಗೆ ಬರಬ್ಯಾಡ, ಮಾಮಿಗೆ ನಾನು ಹೇಳೀನಂತ ಹೇಳು" ಎಂದೆ. ಅವಳು ಖುಷಿಪಡಲಿಲ್ಲ. "ಮತ್ತ ಲೇಜಿ ಅನ್ನೂದಿಲ್ಲೇನ್ರಿ?" ಎಂದಳು.

ಮರುದಿನ ಅವಳ ಹಾಜರಿಯಲ್ಲಿ ಗೈರು ಬಿತ್ತು. ಮಕ್ಕಳೆಲ್ಲ ಮುಗಿದ ಮೇಲೆ ಡಾಕ್ಟರ್ ಟೀಚರುಗಳ ಕಣ್ಣನ್ನೂ ನೋಡಿದರು. ನನ್ನ ನಂಬರು ಬದಲಾಗಿದೆ ಎಂದರು. ಹದಿನೈದು ದಿನಕ್ಕೆ ಹೊಸ ಚಷ್ಮಾ ಬಂತು. ಅದನ್ನು ಹಾಕಿಕೊಂಡ ದಿನ ವರಾಂಡದಿಂದ ಆಚೆ ಬೇವಿನ ಮರದ ಒಂದೊಂದು ಎಲೆಯೂ ಬಿಡಿಬಿಡಿಯಾಗಿ ಕಂಡಿತು. ಎಷ್ಟು ಹೊತ್ತು ನೋಡುತ್ತ ನಿಂತಿದ್ದೆನೋ. ಹಿಂದೆ ಜಮಖಾನೆಯ ಮೇಲೆ ಅವಳು ಪುಸ್ತಕದಲ್ಲಿ ಮುಖ ಹುದುಗಿಸಿಕೊಂಡು ಕೂತಿದ್ದಳು. ನನಗೆ ನನ್ನ ಮೇಲೆ ಅಸಹ್ಯವಾಯಿತು. ಆದರೂ ಆ ತಿಂಗಳ ಕೊನೆಗೆ ಮತ್ತೆ ಅದೇ ಶಬ್ದ ಬರೆದೆ. ಒಂದು ಸಲ ಬರೆದ ಸುಳ್ಳನ್ನು ಎರಡನೆಯ ಸಲ ಬರೆಯಲು ಯೋಚನೆ ಬೇಕಾಗುವುದಿಲ್ಲ, ಕೈ ತಾನೇ ಬರೆಯುತ್ತದೆ. ಮೂರನೆಯ ಪತ್ರ ಫೆಬ್ರುವರಿಯಲ್ಲಿ ಹೋಯಿತು.

ಏಪ್ರಿಲಿನಲ್ಲಿ ಸಿಸ್ಟರ್ ನನ್ನನ್ನು ಕರೆಸಿದರು. ಮೇಜಿನ ಮೇಲೆ ಎಕ್ಸ್ಟ್ರಾ ಕ್ಲಾಸಿನ ರಜಿಸ್ಟರು ತೆರೆದಿತ್ತು. ಬಿಸಿಲಿಗೆ ಕಿಟಕಿ ಮುಚ್ಚಿ, ಒದ್ದೆ ಮಾಡಿದ ಲಾವಂಚದ ತಟ್ಟಿ ಕಟ್ಟಿದ್ದರು. ಅವರೂ ದಣಿದಿದ್ದರು. ಚಷ್ಮಾ ತೆಗೆದು ಮೂಗಿನ ಮೇಲಿನ ಗುರುತು ತಿಕ್ಕಿಕೊಂಡರು.

"ಟೀಚರ್, ಈ ಹುಡುಗಿದ್ದು ಎಂತ ಕತೆ? ಎಲ್ಲಾ ತಿಂಗಳೂ ಲೇಜಿ, ಲೇಜಿ, ಲೇಜಿ. ಮೂರು ಕಾಗದ ಹೋಗಿದೆ. ಫೇಲಾಗಿದ್ದಾಳೆ. ಹೊರಗೆ ಸೀಟಿಗೆ ಮಕ್ಕಳು ಕಾಯ್ತಾ ಇದ್ದಾರೆ."

ನಾನು ರಜಿಸ್ಟರಿನಲ್ಲಿದ್ದ ನನ್ನ ಅಕ್ಷರದ ಕಡೆ ನೋಡಿದೆ.

"ನನಗೆ ಈ ಮಗುವನ್ನು ಕಳಿಸಲಿಕ್ಕೆ ಮನಸ್ಸಿಲ್ಲ. ಹಾಡಿನ ಸಿಸ್ಟರ್ ಹೇಳ್ತಾರೆ, ಅವಳು ಗೋಡೆ ಆಚೆಯಿಂದ ಎಲ್ಲಾ ಕಲಿತಿದ್ದಾಳಂತೆ. ಲೇಜಿ ಮಕ್ಕಳು ಹಾಗೆ ಕಲೀತಾರಾ? ಬೇರೆ ಏನಾದರೂ ಉಂಟಾ? ಇದ್ದರೆ ಈಗ ಹೇಳಿ. ನಾನು ಇಟ್ಟುಕೊಳ್ತೇನೆ. ಅವಳನ್ನು ಹಾಡಿಗೂ ಹಾಕ್ತೇನೆ."

ಇದಕ್ಕಿಂತ ಅಗಲವಾಗಿ ಯಾರೂ ಬಾಗಿಲು ತೆರೆಯಲಾರರು. ನಾನು ಒಂದೇ ಮಾತು ಹೇಳಿದ್ದರೆ ಸಾಕಿತ್ತು. ಲಗ್ನಕ್ಕೆ ಇನ್ನು ಇಪ್ಪತ್ತು ದಿನ ಉಳಿದಿತ್ತು. ಬಾಯಿ ಬಿಟ್ಟರೆ ಮುರಿದೀತು ಎಂಬ ಭಯ ಇತ್ತು ನಿಜ. ಆದರೆ ಅದು ಅರ್ಧ ನಿಜ. ಉಳಿದ ಅರ್ಧವನ್ನು ಇಷ್ಟು ವರ್ಷದಲ್ಲಿ ಯಾರ ಮುಂದೆಯೂ ಹೇಳಿಲ್ಲ. ತಿಳಿದೂ ತಿಳಿದೂ ಆರೇಳು ತಿಂಗಳು ರಜಿಸ್ಟರಿನಲ್ಲಿ ಸುಳ್ಳು ಬರೆದ ಟೀಚರನ್ನು ಸಿಸ್ಟರ್ ಜೂನಿನಲ್ಲಿ ಕಾಯಂ ಮಾಡುತ್ತಾರೆಯೆ? ಕಾಯಂ ಮಾಡುವವರ ಪಟ್ಟಿಯಲ್ಲಿ ನನ್ನ ಹೆಸರು ಆ ವರ್ಷ ಹೋಗಿತ್ತು.

"ಏನೂ ಇಲ್ಲ ಸಿಸ್ಟರ್" ಎಂದೆ.

ಅವರು ಚಷ್ಮಾ ಮತ್ತೆ ಹಾಕಿಕೊಂಡರು. ಆಮೇಲೆ ಪೆನ್ನಿನಿಂದ ಹುಡುಗಿಯ ಹೆಸರಿನ ಮೇಲೆ ಒಂದು ಗೆರೆ ಎಳೆದರು. ಎರಡು ದಿನದ ಮೇಲೆ ಅಪ್ಪ ಬಂದು ಹುಡುಗಿಯನ್ನು ಕರೆದುಕೊಂಡು ಹೋದ. ಜರಿ ಅಂಚಿನ ರುಮಾಲು ಸುತ್ತಿದ ದೊಡ್ಡ ಆಳು. ಶಾಲೆಯ ಅಂಗಳದಲ್ಲಿ ಕುಗ್ಗಿ ಹೋಗಿದ್ದ. ಹೋಗುವಾಗ ಹುಡುಗಿ ವರಾಂಡದ ಕಡೆ ತಿರುಗಿ ಕೈ ಬೀಸಿದಳು. ನಾನು ನಿಂತದ್ದು ವರಾಂಡದಲ್ಲಲ್ಲ, ಗೇಟಿನ ಪಕ್ಕದಲ್ಲಿ. ಅವಳು ಖಾಲಿ ಜಾಗಕ್ಕೆ ಕೈ ಬೀಸಿದಳು.

ಜೂನಿನಿಂದ ನನ್ನನ್ನು ಕಾಯಂ ಮಾಡುವುದಾಗಿ ಪತ್ರ ಬಂತು. ಅದೇ ವಾರ ಲಗ್ನಪತ್ರಿಕೆಯೂ ಬಂತು. ಅದರ ಜೊತೆ ಹೇಳಿಕಳಿಸಿದ ಮಾತು: ಬಾಯಾರು ಬರದಿದ್ದರೆ ನಾವು ಊಟ ಮಾಡುವುದಿಲ್ಲ.

ಲಗ್ನ ಅಕ್ಕಲಕೋಟದ ಮಂಗಲ ಕಾರ್ಯಾಲಯದಲ್ಲಿ. ಬಸ್ಸು ಊರು ಮುಟ್ಟುವ ಮೊದಲು ರೂಢಿಯಂತೆ ಹೊಸ ಚಷ್ಮಾ ತೆಗೆದು ಡಬ್ಬಿಗೆ ಹಾಕಿ, ಡಬ್ಬಿ ಚೀಲಕ್ಕೆ ಹಾಕಿದೆ. ಅಕ್ಷತೆ ಆಗಲೇ ಬಿದ್ದಿತ್ತು. ತಾಯಿ ನನ್ನನ್ನು ಕಂಡವಳೇ ಕೈ ಹಿಡಿದು ಒಳಕೋಣೆಗೆ ಕರೆದೊಯ್ದು, ಕುಂಕುಮ ಹಚ್ಚಿ, ಕುಪ್ಪಸದ ಕಣ, ಕೊಬ್ಬರಿ, ಅಕ್ಕಿ ಹಾಕಿ ಉಡಿ ತುಂಬಿದಳು.

"ನಿಮ್ಮಿಂದ ದೊಡ್ಡಾಕಿದು ದಡಕ್ಕ ಹತ್ತಿತ್ರಿ ಬಾಯಾರ. ಒಡಹುಟ್ಟಿದ ತಂಗಿ ಹಂಗ ಮಾನ ಕಾಯ್ದ್ರಿ."

ನಾನು ಧೈರ್ಯ ತೆಗೆದುಕೊಂಡೆ. "ಇನ್ನ ಲಗ್ನ ಮುಗೀತಲ್ರಿ. ಈಗರ ಆಕಿ ಕಣ್ಣು ತೋರಸ್ರಿ. ಜೂನದಾಗ ಸಾಲಿಗೆ ಕರಕೊಂಡು ಬರ್ರಿ, ನಾನು ಸಿಸ್ಟರ್‌ಗೆ ಹೇಳ್ತೀನಿ."

ತಾಯಿಯ ಮುಖದಲ್ಲಿ ಸಿಟ್ಟಿರಲಿಲ್ಲ. ಅರಿಯದ ಮಗುವಿಗೆ ತಿಳಿಹೇಳುವಂತೆ ಹೇಳಿದಳು.

"ಹಂಗಂದ್ರ ಹ್ಯಾಂಗ್ರಿ? ದೊಡ್ಡಾಕಿದು ಮುಗೀತು, ಸಣ್ಣಾಕಿದು ಐತಲ್ರಿ. ಆಕಿದೂ ಆಗೂತನಾ ಈ ಮಾತು ನಿಮ್ಮ ಹೊಟ್ಟ್ಯಾಗ ಇರಲಿ. ಸಾಲಿ ಸಾಕ್ರಿ ಆಕಿಗಿ. ಆಕಿ ಅಪ್ಪಾರು ಪತ್ರ ಇಟ್ಕೊಂಡಾರ, ಕಲಿಯೂ ಮನಸಿಲ್ಲದಾಕಿಗಿ ಸಾಲಿ ಯಾಕ ಅಂದಾರ."

ಒಂಬತ್ತು ವರ್ಷದ ಹುಡುಗಿಯ ಲಗ್ನ ಆಗುವ ತನಕ! ನಾನು ಏಳು ತಿಂಗಳ ಮಾತು ಎಂದು ಒಪ್ಪಿಕೊಂಡದ್ದು ಆಕೆಯ ಲೆಕ್ಕದಲ್ಲಿ ಹತ್ತು ವರ್ಷದ ಮಾತಾಗಿತ್ತು. ಉಡಿ ಭಾರವಾಗಿತ್ತು, ಎರಡೂ ಕೈಯಿಂದ ಹಿಡಿದುಕೊಂಡು ಹೊರಗೆ ಬಂದೆ.

ಹುಡುಗಿ ಅಂಗಳದಲ್ಲಿ ಸಿಕ್ಕಳು. ರೇಷ್ಮೆಯ ಲಂಗ ಹಾಕಿಕೊಂಡು ತನಗಿಂತ ದೊಡ್ಡ ಕೊಡ ಎತ್ತಿಕೊಂಡು ಹೋಗುತ್ತಿದ್ದಳು. ಎದುರಿಗೇ ಬಂದಳು, ನನ್ನನ್ನು ದಾಟಿ ಹೋದಳು. ಹೆಸರು ಹಿಡಿದು ಕರೆದೆ. ದನಿ ಕೇಳಿ ನಿಂತು, ಕೊಡ ಇಳಿಸಿ, ಹತ್ತಿರ ಹತ್ತಿರ ಬಂದು ನನ್ನ ಮುಖಕ್ಕೆ ಮುಖ ತಂದಳು. ಚಷ್ಮಾ ಇಲ್ಲದ ನನಗೂ ಅಷ್ಟು ಹತ್ತಿರ ಬಂದ ಮೇಲೆಯೇ ಅವಳ ಮುಖ ಸರಿಯಾಗಿ ಕಂಡದ್ದು.

"ಟೀಚರ್! ನಾ ಈಗ ಲೇಜಿ ಇಲ್ರಿ. ಮುಂಜಾನೆ ಎಲ್ಲಾರ್ಕಿಂತ ಮದಲ ಏಳತೀನ್ರಿ. ಕಸಾ ಹೊಡೀತೀನಿ, ನೀರು ತರ್ತೀನಿ. ಬೇಕಾದ್ರ ಅವ್ವನ್ನ ಕೇಳ್ರಿ. ಸಿಸ್ಟರ್‌ಗೆ ಹೇಳ್ರಿ ಟೀಚರ್, ಲೇಜಿ ಹೋಗ್ಯದಂತ ಹೇಳ್ರಿ. ಹೇಳ್ತೀರಲ್ರೀ?"

ನನ್ನ ಚೀಲದಲ್ಲಿ ಚಷ್ಮಾ ಇತ್ತು. ತೆಗೆದು ಅವಳ ಮೂಗಿನ ಮೇಲೆ ಇಡಬಹುದಿತ್ತು. ನಂಬರು ಬೇರೆಯಾದರೂ ಏನಾದರೂ ಕಾಣುತ್ತಿತ್ತು. ನೀನು ಯಾವತ್ತೂ ಲೇಜಿ ಆಗಿರಲಿಲ್ಲವ್ವ, ಅದು ನಾನು ಬರೆದ ಸುಳ್ಳು ಎಂದು ಹೇಳಬಹುದಿತ್ತು. ಸುತ್ತ ಬೀಗರು ಓಡಾಡುತ್ತಿದ್ದರು. ಹೊಸ್ತಿಲಲ್ಲಿ ಮಸುಕಾಗಿ ಅವಳ ಅವ್ವ ನಮ್ಮ ಕಡೆ ತಿರುಗಿ ನಿಂತಿದ್ದಳು. ನಾನು ಹುಡುಗಿಯ ತಲೆಯ ಮೇಲೆ ಕೈಯಿಟ್ಟು "ಹೇಳ್ತೀನವಾ" ಎಂದೆ. ಹೇಳಲಿಲ್ಲ. ಜೂನಿನಲ್ಲಿ ಅವಳ ಸೀಟಿಗೆ ಬೇರೆ ಮಗು ಬಂದು ಕೂತಿತ್ತು. ನಾನು ಕಾಯಂ ಆಗಿದ್ದೆ.

ಆದರೆ ಲಗ್ನದ ದಿನದ ಊಟದ ಮಾತು ಇನ್ನೂ ಉಳಿದಿದೆ. ಪಂಕ್ತಿಗೆ ಕೂತೆವು. ಎಲೆ ಹಾಕಿದರು. ಉಪ್ಪು ಬಡಿಸಲು ಆ ಹುಡುಗಿಯೇ ಬಂದಳು, ತಾನಾಗಿ ಕೇಳಿ ಪಡೆದ ಕೆಲಸವಂತೆ. ಒಂದೊಂದು ಎಲೆಯ ಮುಂದೂ ನಿಂತು, ಸೊಂಟ ಬಗ್ಗಿಸಿ, ಹಣೆ ಎಲೆಗೆ ತಾಗುತ್ತದೋ ಎಂಬಷ್ಟು ಕೆಳಗೆ ಬಾಗಿ, ಎಡಗಡೆಯ ಮೂಲೆ ಹುಡುಕಿ, ಚಿಟಿಕೆ ಉಪ್ಪು ಇಟ್ಟು, ಎದ್ದು ಮುಂದಿನ ಎಲೆಗೆ ಹೋಗುತ್ತಿದ್ದಳು. ನನ್ನ ಎಲೆಗೂ ಹಾಗೆಯೇ ಬಾಗಿದಳು. ಅವಳ ಎಣ್ಣೆ ಹಚ್ಚಿದ ಬೈತಲೆ ನನ್ನ ಕೈಯ ಹತ್ತಿರವೇ ಇತ್ತು.

ನನ್ನ ಪಕ್ಕದಲ್ಲಿ ಬೀಗರ ಕಡೆಯ ಒಬ್ಬ ಹಿರಿಯ ಹೆಂಗಸು ಕೂತಿದ್ದಳು. ಅವಳು ನೋಡಿ ನೋಡಿ ಮೆಚ್ಚಿಕೊಂಡು ನನ್ನ ಕಡೆ ವಾಲಿದಳು. "ಎಷ್ಟು ನಯ ಅದ ನೋಡ್ರಿ ಹುಡುಗಿಗಿ. ಸಣ್ಣವರು, ದೊಡ್ಡವರು ಅನ್ನದ ಎಲ್ಲಾರಿಗೂ ಬಾಗಿ ಬಡಸ್ತಾಳ. ನಮ್ಮ ಮನ್ಯಾಗ ಇನ್ನೊಬ್ಬ ಹುಡುಗ ಅದಾನ್ರಿ. ನೀವು ಆಕಿ ಟೀಚರ್ ಅಂತಲ್ರಿ, ಸಾಲ್ಯಾಗೂ ಹಿಂಗ ಇದ್ದಳೇನ್ರಿ?"

"ಹೌದ್ರಿ" ಎಂದೆ ನಾನು, "ಸಾಲ್ಯಾಗೂ ಹಿಂಗ ಇದ್ದಳು."